ಕಪ್ಪು ಪರದೆ, ಒಂದೇ ಸಾಲು

ನಮಸ್ಕಾರ. ಹೋದ ಮಳೆಗಾಲದಲ್ಲಿ ನಮ್ಮೂರ ದೇವಸ್ಥಾನದಲ್ಲಿ ತಾಳಮದ್ದಳೆ ಇತ್ತು. ಅದನ್ನು ಯೂಟ್ಯೂಬಿನಲ್ಲಿ ಲೈವ್ ಬಿಡುವ ಕೆಲಸ ನನ್ನ ಹೆಗಲಿಗೆ ಬಿತ್ತು. ಕೈಯಲ್ಲಿದ್ದದ್ದು ಹಳೇ ಲ್ಯಾಪ್‌ಟಾಪ್. ದೊಡ್ಡ ಸಾಫ್ಟ್‌ವೇರ್ ತೆರೆದರೆ ಅದಕ್ಕೆ ಏದುಸಿರು. ಹಾಗಾಗಿ ಎಫ್‌ಎಫ್‌ಎಂಪೆಗ್ ಹಿಡಿದೆ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2000ದಲ್ಲಿ ಶುರು ಮಾಡಿದ, ವಿಡಿಯೋ-ದನಿಗಳನ್ನು ಬೇಕಾದ ರೂಪಕ್ಕೆ ಬದಲಿಸುವ ಉಚಿತ ತಂತ್ರಾಂಶ ಅದು. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಆಯಿತು.

ಆ ಸಾಲನ್ನು ರೇಡಿಯೋದಲ್ಲಿ ಓದಿದರೆ ಮಂತ್ರದ ಹಾಗೆ ಕೇಳುತ್ತದೆ, ಬಿಡಿ. ಅದು ಹೇಳುವುದಿಷ್ಟೇ: ಚಿತ್ರ ಈ ಕ್ಯಾಮೆರಾದಿಂದ ತಗೋ, ದನಿ ಆ ಮೈಕಿನಿಂದ ತಗೋ, ಎರಡನ್ನೂ ಹಿಂಡಿ ಚಿಕ್ಕದು ಮಾಡು, ಈ ವಿಳಾಸಕ್ಕೆ ಕಳಿಸು. ವಿಳಾಸ ಆರ್‌ಟಿಎಂಪಿ ಅಂತ ಶುರುವಾಗುತ್ತದೆ. ವಿಡಿಯೋ ಕಳಿಸುವ ಒಂದು ಪದ್ಧತಿ ಅದು, ಬ್ರೌಸರಿನಲ್ಲಿ ವಿಡಿಯೋ ಓಡಿಸುತ್ತಿದ್ದ ಫ್ಲ್ಯಾಶ್ ತಂತ್ರಾಂಶದ ಕಾಲದ್ದು. ಫ್ಲ್ಯಾಶ್ 2020ರ ಕೊನೆಗೆ ಹೋಯಿತು, ಇದು ಇನ್ನೂ ದುಡಿಯುತ್ತಿದೆ. ವಿಳಾಸದ ಬಾಲದಲ್ಲಿ ಸ್ಟ್ರೀಮ್ ಕೀ, ಅಂದರೆ ನಿಮ್ಮ ಚಾನೆಲ್‌ನ ಗುಟ್ಟಿನ ಅಕ್ಷರಗಳು ಇರುತ್ತವೆ. ಅದು ಯಾರಿಗೆ ಸಿಕ್ಕಿದರೂ ನಿಮ್ಮ ಚಾನೆಲ್‌ನಲ್ಲಿ ಅವರ ವಿಡಿಯೋ ಓಡಿಸಬಹುದು. ಟೈಪ್ ಮಾಡಿದ ಸಾಲುಗಳು ಕಂಪ್ಯೂಟರಿನಲ್ಲಿ ಉಳಿದುಬಿಡುತ್ತವೆ. ಲ್ಯಾಪ್‌ಟಾಪ್ ಬೇರೆಯವರದಾದರೆ ಕೆಲಸ ಮುಗಿದ ಮೇಲೆ ಕೀ ಬದಲಿಸಿ.

ಪ್ರಸಂಗ ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ, ಮುಂಬೈಯಿಂದ ಚಿಕ್ಕಮ್ಮನ ಫೋನ್. "ಎಂತ ಮಾರಾಯ, ಭಾಗವತ್ರು ಬಾಯಿ ತೆರೆದವರು ಮುಚ್ಚುವುದೇ ಇಲ್ಲ!"

ನೋಡಿದರೆ ಪರದೆಯ ಕೊನೇ ಸಾಲಿನಲ್ಲಿ ಸ್ಪೀಡ್ 0.7 ಅಂತ ಇದೆ. ಇಲ್ಲಿ ಒಂದು ನಿಮಿಷ ಕಳೆದರೆ ಅಲ್ಲಿಗೆ ಹೋಗುವುದು 42 ಸೆಕೆಂಡಿನ ವಿಡಿಯೋ. ಲೈವ್‌ನಲ್ಲಿ ಆ ಅಂಕಿ 1 ಇರಬೇಕು. ತಪ್ಪು ನನ್ನದೇ. ಪ್ರೀಸೆಟ್, ಅಂದರೆ ಎಷ್ಟು ಬೇಗ ಹಿಂಡಬೇಕು ಅನ್ನುವುದು, ಯಾವುದು ಅಂತ ನಾನು ಹೇಳಿರಲಿಲ್ಲ. ಹೇಳದಿದ್ದರೆ ಅದು ಮೀಡಿಯಂ ಹಿಡಿಯುತ್ತದೆ. ಅಷ್ಟು ನಾಜೂಕಾಗಿ ಹಿಂಡುವ ತ್ರಾಣ ಆ ಲ್ಯಾಪ್‌ಟಾಪಿಗೆಲ್ಲಿ? ಕೀಬೋರ್ಡಿನಲ್ಲಿ ಕ್ಯೂ ಅಕ್ಷರ ಒತ್ತಿ ನಿಲ್ಲಿಸಿದೆ. ವೆರಿಫಾಸ್ಟ್ ಅಂತ ಸೇರಿಸಿದೆ. ಚಿತ್ರದ ಅಳತೆ 1080 ಇದ್ದದ್ದನ್ನು 720ಕ್ಕೆ ಇಳಿಸಿದೆ. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಹೋಗುವ ಡೇಟಾ, 2500 ಕಿಲೋಬಿಟ್‌ಗೆ ಕಟ್ಟಿದೆ. ಗಂಟೆಗೆ ಹೆಚ್ಚುಕಡಿಮೆ 1.1 ಜಿಬಿ ಖರ್ಚು, ನಮ್ಮೂರ ನೆಟ್‌ಗೆ ಅದೇ ಜಾಸ್ತಿ. ಎರಡು ಸೆಕೆಂಡಿಗೊಮ್ಮೆ ಪೂರ್ತಿ ಚಿತ್ರ ಕಳಿಸು ಅಂತಲೂ ಹೇಳಿದೆ. ನಡುವೆ ಬದಲಾದದ್ದಷ್ಟೇ ಹೋಗುತ್ತದೆ.

ಮತ್ತೆ ಎಂಟರ್. 0.94, 0.98, ಆಮೇಲೆ 1. ಚಿತ್ರ ಸ್ವಲ್ಪ ಮಂಕಾಯಿತು ನಿಜ. ಆದರೆ ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಅರ್ಥಧಾರಿಗಳ ಮಾತು ಸರಿಯಾಗಿ ಕೇಳಿದರೆ ಸಾಕು, ಅಲ್ವಾ?

ಚಿಕ್ಕಮ್ಮ ಮತ್ತೆ ಫೋನ್ ಮಾಡಿದರು. "ಈಗ ಸರಿ ಉಂಟು. ಕ್ಯಾಮೆರಾ ಚೂರು ಎಡಕ್ಕೆ ತಿರುಗಿಸು ಮಾರಾಯ, ಮದ್ದಳೆಯವರು ಕಾಣುವುದಿಲ್ಲ."