ಅರ್ಧ ಲೋಟ ಚಹಾ ಮಾರುವ ಊರು

[ದೃಶ್ಯ: ಮಾಟುಂಗಾ ಸ್ಟೇಷನ್ ಹೊರಗೆ ಚಹಾ ಗಾಡಿ. ಕೈ ಮಾತ್ರ ಕಾಣುತ್ತದೆ. ಪುಟ್ಟ ಗಾಜಿನ ಲೋಟಗಳಿಗೆ ಸಾಲಾಗಿ ಚಹಾ ಬೀಳುತ್ತಿದೆ.]

ಈ ಲೋಟ ನೋಡಿ. ನಾಲ್ಕು ಗುಟುಕಿಗೆ ಮುಗಿದು ಹೋಗುತ್ತದೆ. ಮುಂಬೈಯಲ್ಲಿ ಇದಕ್ಕೆ ಕಟಿಂಗ್ ಅನ್ನುತ್ತಾರೆ. ಅಂದರೆ ಅರ್ಧ ಚಹಾ. ಬೆಂಗಳೂರಿನ 'ಬೈ ಟು' ಇದೆಯಲ್ಲ, ಹೆಚ್ಚು ಕಡಿಮೆ ಅದೇ. ಆದರೆ ಬೈ ಟು ಹೇಳಬೇಕಾದರೆ ಜೊತೆಗೆ ಇನ್ನೊಬ್ಬರು ಬೇಕು. ಕಟಿಂಗ್ ಒಬ್ಬರೇ ಕುಡಿಯಬಹುದು. ಒಂಟಿಯಾಗಿದ್ದೀರಿ, ಜೇಬಿನಲ್ಲಿ ಹತ್ತೇ ರೂಪಾಯಿ ಇದೆ, ಪರವಾಗಿಲ್ಲ, ಬನ್ನಿ ಅನ್ನುವ ಲೋಟ ಇದು.

ನಮಸ್ಕಾರ. ನಮ್ಮ ದೇಶದಲ್ಲಿ ಏನು ಚೆನ್ನಾಗಿದೆ ಅಂತ ಕೇಳಿದರೆ ಸಾಮಾನ್ಯವಾಗಿ ಹಿಮಾಲಯ, ತಾಜ್ ಮಹಲ್, ಚಂದ್ರಯಾನ ಬರುತ್ತವೆ. ಎಲ್ಲವೂ ಸರಿಯೇ. ಆದರೆ ತಾಜ್ ಮಹಲ್ ನಾನು ನೋಡಿರುವುದು ಒಂದೇ ಸಲ. ಕಟಿಂಗ್ ದಿನಕ್ಕೆ ಮೂರು ಸಲ ಕುಡಿಯುತ್ತೇನೆ. ಹಾಗಾಗಿ ಇವತ್ತು 'ಸ್ವಲ್ಪ' ಅನ್ನುವ ಪದದ ಬಗ್ಗೆ ಮಾತಾಡೋಣ. ಬೇಕಾದಷ್ಟೇ ಕೊಳ್ಳಬಹುದು, ಕೆಟ್ಟಿದ್ದಷ್ಟೇ ರಿಪೇರಿ ಮಾಡಿಸಬಹುದು. ಇದು ನಮಗೆ ಎಷ್ಟು ಅಭ್ಯಾಸವಾಗಿದೆ ಅಂದರೆ, ಹೊರಗಿನಿಂದ ಯಾರಾದರೂ ಬಂದು ಹೇಳುವ ತನಕ ಗೊತ್ತೇ ಆಗುವುದಿಲ್ಲ.

ನನಗೆ ಹೇಳಿದ್ದು ನನ್ನ ಚಿಕ್ಕಮ್ಮನ ಮಗಳು.

[ದೃಶ್ಯ: ಚರ್ಮದ ಕೈಚೀಲ. ಜಿಪ್ ಬಾಯಿ ಬಿಟ್ಟಿದೆ.]

ಅವಳು ಜರ್ಮನಿಯಲ್ಲಿ ಕೆಲಸದಲ್ಲಿದ್ದಾಳೆ. ಹೋದ ಡಿಸೆಂಬರ್‌ನಲ್ಲಿ ಬಂದಾಗ ಈ ಬ್ಯಾಗ್ ತಂದಿದ್ದಳು. ಜಿಪ್ ಎಳೆದರೆ ಮುಂದೆ ಮುಚ್ಚುತ್ತದೆ, ಹಿಂದೆ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಒಂದು ಅಂಗಡಿಯಲ್ಲಿ ತೋರಿಸಿದರೆ, ಇದನ್ನು ಸರಿ ಮಾಡಿಸುವುದಕ್ಕಿಂತ ಹೊಸದು ತಗೊಳ್ಳುವುದೇ ಸಸ್ತಾ ಅಂದರಂತೆ. "ಅಕ್ಕ, ಎಸೆಯೋಕೆ ಮನಸ್ಸಾಗಲಿಲ್ಲ, ಅದಕ್ಕೇ ತಂದೆ" ಅಂದಳು.

ಸ್ಟೇಷನ್ ಹತ್ತಿರ ಮರದ ಕೆಳಗೆ ಚಪ್ಪಲಿ, ಚೀಲ ಹೊಲಿಯುವ ಒಬ್ಬ ಮೋಚಿ ಕೂರುತ್ತಾನೆ. ಅವನ ಹತ್ತಿರ ಕರೆದುಕೊಂಡು ಹೋದೆ. ಬ್ಯಾಗನ್ನು ಒಂದು ಸಲ ತಿರುಗಿಸಿ ನೋಡಿದ. "ಚೈನ್ ಚೆನ್ನಾಗಿದೆ, ರನ್ನರ್ ಹೋಗಿದೆ" ಅಂದ. ರನ್ನರ್ ಅಂದರೆ ಜಿಪ್ ಮೇಲೆ ಓಡುತ್ತದಲ್ಲ, ಆ ಚಿಕ್ಕ ಲೋಹದ ತುಂಡು. ಪಕ್ಕದಲ್ಲಿ ಒಂದು ಹಳೇ ಬಿಸ್ಕತ್ ಡಬ್ಬಿ ಇತ್ತು. ಒಳಗೆ ಬರೀ ರನ್ನರ್‌ಗಳು, ಇನ್ನೂರೋ ಮುನ್ನೂರೋ, ಎಲ್ಲ ಹಳೇ ಬ್ಯಾಗುಗಳಿಂದ ಬಿಚ್ಚಿಟ್ಟವು. ಬ್ಲೇಡಿನಲ್ಲಿ ಜಿಪ್ಪಿನ ತುದಿಯ ಹೊಲಿಗೆ ಬಿಡಿಸಿದ. ಹಳೇ ರನ್ನರ್ ಎಳೆದು ಹಾಕಿದ. ಡಬ್ಬಿಯಿಂದ ಒಂದು ಹಾಕಿ ನೋಡಿದ, ಸಡಿಲ. ಇನ್ನೊಂದು, ಬಿಗಿ. ಮೂರನೆಯದು ಕೂತಿತು. ಮೇಣದಬತ್ತಿಯ ತುಂಡನ್ನು ಜಿಪ್ಪಿನ ಉದ್ದಕ್ಕೂ ಉಜ್ಜಿದ. ಸರ್ ಅಂತ ಎಳೆದ, ಬಿಟ್ಟ, ಮತ್ತೆ ಎಳೆದ. ತುದಿ ಹೊಲಿದು ಕೈಗೆ ಕೊಟ್ಟ.

ಮೂವತ್ತು ರೂಪಾಯಿ.

ಅಷ್ಟಕ್ಕೇ ಮುಗಿಯಲಿಲ್ಲ. ಅವಳ ಚಪ್ಪಲಿಯ ಅಂಚು ಸ್ವಲ್ಪ ಬಿಟ್ಟುಕೊಂಡಿತ್ತು. ನಾವು ಹೇಳಿರಲಿಲ್ಲ. ಅವನೇ ನೋಡಿ, "ತಾಯಿ, ಅದೂ ಕೊಡಿ" ಅಂದ. ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ. ಇವಳಿಗೆ ಮಾತ್ರ, ನಾನೇನು ಅಷ್ಟು ವಯಸ್ಸಾದವಳ ಥರ ಕಾಣ್ತೀನಾ ಅಂತ ಒಂದು ಕ್ಷಣ ಮುಖ ಬಾಡಿತು. ಗೋಂದು ಹಚ್ಚಿ, ಸುತ್ತಿಗೆಯಲ್ಲಿ ಎರಡು ಏಟು ಹೊಡೆದು ವಾಪಸ್ ಕೊಟ್ಟ. ಇದಕ್ಕೆಷ್ಟು ಅಂತ ಕೇಳಿದರೆ "ಜಾವೂ ದ್ಯಾ" ಅಂದ. ಇರಲಿ ಬಿಡಿ ಅಂತ.

ಕನ್ನಡದಲ್ಲಿ ಇದಕ್ಕೆ ಒಂದು ಒಳ್ಳೇ ಪದ ಇದೆ. ಕೊಸರು. ಸಂತೆಯಲ್ಲಿ ಅಳೆದು ಕೊಟ್ಟ ಮೇಲೆ ಒಂದು ಹಿಡಿ ಜಾಸ್ತಿ ಹಾಕುತ್ತಾರಲ್ಲ, ಅದು. ನಮ್ಮಜ್ಜಿ ಕುಂದಾಪುರದ ಸಂತೆಯಲ್ಲಿ ಕೊಸರು ಕೇಳದೆ ಚೀಲ ಮುಚ್ಚುತ್ತಿರಲಿಲ್ಲ. ಮುಂಬೈಯಲ್ಲಿ ಕೊಸರು ಅಂದರೆ ಕೊತ್ತಂಬರಿ ಸೊಪ್ಪು ಮತ್ತು ನಾಲ್ಕು ಹಸಿಮೆಣಸು. ತರಕಾರಿ ತೂಗಿ ಆದ ಮೇಲೆ ಅದು ಚೀಲಕ್ಕೆ ಬೀಳಲೇಬೇಕು. ಮೊಬೈಲಿನಲ್ಲಿ ತರಕಾರಿ ತರಿಸಲು ಶುರುಮಾಡಿದಾಗ ಹೆಂಗಸರಿಗೆ ಸಂಕಟವಾಗಿದ್ದೇ ಇಲ್ಲಿ. ಕೊತ್ತಂಬರಿಗೂ ದುಡ್ಡಾ? 2024ರ ಮೇ ತಿಂಗಳಲ್ಲಿ ಮುಂಬೈಯ ಒಬ್ಬರು, ಕೊತ್ತಂಬರಿಗೆ ದುಡ್ಡು ಕೊಡಬೇಕಾಗಿ ಬಂದು ನಮ್ಮಮ್ಮನಿಗೆ ಎದೆ ಹೊಡೆದುಕೊಂಡಿತು ಅಂತ ತಮಾಷೆಯಾಗಿ ಬರೆದರು. ಅದನ್ನು ನೋಡಿ, ಮನೆಗೆ ಸಾಮಾನು ತಲುಪಿಸುವ ಬ್ಲಿಂಕಿಟ್ ಆ್ಯಪ್‌ನವರು ಕೊತ್ತಂಬರಿ ಫ್ರೀ ಕೊಡಲು ಶುರುಮಾಡಿದರು. ಕೊಸರು ಕೊನೆಗೆ ಆ್ಯಪ್ ಒಳಗೂ ಬಂತು.

[ದೃಶ್ಯ: ಕಿರಾಣಿ ಅಂಗಡಿ. ಮುಂದೆ ತೋರಣದ ಹಾಗೆ ಶಾಂಪೂ ಪ್ಯಾಕೆಟ್‌ಗಳು.]

ಈಗ ಅಂಗಡಿಗೆ ಬನ್ನಿ. ಒಂದು ಮೊಟ್ಟೆ ಕೊಡುತ್ತಾರೆ. ಎರಡು ಪಾವ್ ಕೊಡುತ್ತಾರೆ. ಪಾವ್ ಬರುವುದು ಒಂದಕ್ಕೊಂದು ಅಂಟಿಕೊಂಡ ಲಾದಿಯಾಗಿ, ಅದರಿಂದ ಮುರಿದು ಕೊಡುತ್ತಾರೆ. ಇನ್ನು ಶಾಂಪೂ. ಒಂದು ಸಲದ ಸ್ನಾನಕ್ಕೆ ಆಗುವಷ್ಟು ಶಾಂಪೂ ಮಾರಬಹುದು ಅನ್ನುವ ಯೋಚನೆಯ ಹಿಂದೆ ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಅವರ ಹೆಸರು ಕೇಳಿಬರುತ್ತದೆ. ಕೂಲಿಯವನೂ ರಿಕ್ಷಾ ಓಡಿಸುವವನೂ ಬಳಸುವ ಹಾಗಿರಬೇಕು ಅನ್ನುವುದು ಅವರ ಲೆಕ್ಕ. ಅವರ ಮಗ ಸಿ.ಕೆ. ರಂಗನಾಥನ್ ಮುಂದೆ ಚಿಕ್ ಶಾಂಪೂ ತಂದರು. ದೊಡ್ಡ ಬಾಟಲಿ ತಗೊಂಡರೆ ಲಾಭ ಅಂತ ನಾವು ಅಂದುಕೊಂಡಿರುತ್ತೇವೆ. ಒಮ್ಮೆ ಮಿಲಿ ಲೀಟರ್ ಲೆಕ್ಕ ಹಾಕಿ ನೋಡಿ. ಎಷ್ಟೋ ಸಲ ಪ್ಯಾಕೆಟ್ಟೇ ಸಸ್ತಾ ಬೀಳುತ್ತದೆ.

ಇನ್ನೊಂದು ವಿಷಯಕ್ಕೆ ನಾವು ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಎಂಆರ್‌ಪಿ. ಎಲ್ಲ ತೆರಿಗೆ ಸೇರಿಸಿ ಇಷ್ಟು ಅಂತ ಪ್ಯಾಕೆಟ್ ಮೇಲೆ ಅಚ್ಚಾಗಿರುತ್ತದೆ. 1990ರಲ್ಲಿ ಬಂದ ನಿಯಮ ಇದು. ಅಮೆರಿಕಕ್ಕೆ ಹೋದವರನ್ನು ಕೇಳಿ. ಅಲ್ಲಿ ಕಪಾಟಿನಲ್ಲಿ ಒಂದು ಬೆಲೆ ಇರುತ್ತದೆ, ಕೌಂಟರಿನಲ್ಲಿ ತೆರಿಗೆ ಸೇರಿ ಇನ್ನೊಂದು ಆಗುತ್ತದೆ. ನಮ್ಮಲ್ಲಿ ಏಳು ವರ್ಷದ ಹುಡುಗ ಐದು ರೂಪಾಯಿ ನಾಣ್ಯ ಹಿಡಿದು ಹೋದರೆ ಐದು ರೂಪಾಯಿಯ ಬಿಸ್ಕತ್ ತಂದೇ ತರುತ್ತಾನೆ. ಅವನಿಗೆ ಯಾರೂ ಮೋಸ ಮಾಡಲು ಆಗುವುದಿಲ್ಲ. ಬೆಲೆ ಅಲ್ಲೇ ಬರೆದಿದೆ, ಓದಲು ಬಂದರೆ ಸಾಕು. ಹಾಗಂತ ಕಂಪನಿಗಳೇನು ದಾನ ಮಾಡುತ್ತಿಲ್ಲ. ಬೆಲೆ ಏರಿಸಲು ಆಗದಿದ್ದರೆ ಬಿಸ್ಕತ್ ಕಡಿಮೆ ಮಾಡುತ್ತಾರೆ. ನಮ್ಮ ಕಾಲದ ಪ್ಯಾಕೆಟ್ ಎಷ್ಟು ಉದ್ದ ಇತ್ತು, ಈಗ ನೋಡಿ!

ಔಷಧಿ ಅಂಗಡಿಯಲ್ಲಿ ಕತ್ತರಿ ಇರುವುದೂ ಇದಕ್ಕೇ. ತಲೆನೋವಿಗೆ ಎರಡು ಮಾತ್ರೆ ಸಾಕು ಅಂದರೆ ಸ್ಟ್ರಿಪ್ ಕತ್ತರಿಸಿ ಎರಡೇ ಕೊಡುತ್ತಾರೆ. ಒಂದು ಬುದ್ಧಿವಂತಿಕೆ ಮಾಡಿ. ಕತ್ತರಿಸುವ ಮೊದಲು ಎಕ್ಸ್‌ಪೈರಿ ದಿನಾಂಕದ ಫೋಟೋ ತೆಗೆದುಕೊಳ್ಳಿ. ಆ ದಿನಾಂಕ ಬಹಳ ಸಲ ಅಂಗಡಿಯವರ ಪಾಲಿನ ತುಂಡಿನಲ್ಲೇ ಉಳಿದುಬಿಡುತ್ತದೆ.

[ದೃಶ್ಯ: ಕ್ಯೂಆರ್ ಬೋರ್ಡ್. ಪಕ್ಕದ ಡಬ್ಬಿ "ದಸ್ ರುಪಯೇ ಪ್ರಾಪ್ತ್ ಹುಯೇ" ಅನ್ನುತ್ತದೆ.]

ಸಣ್ಣ ವ್ಯಾಪಾರದ ದೊಡ್ಡ ತಲೆನೋವು ಚಿಲ್ಲರೆ. ಮೊದಲೆಲ್ಲ ಒಂದು ರೂಪಾಯಿ ಬದಲು ಚಾಕಲೇಟ್ ಕೊಡುತ್ತಿದ್ದರು, ನೆನಪಿದೆಯಾ? ನಮ್ಮ ಮನೆಯ ಡಬ್ಬಿಯಲ್ಲಿ ಯಾರೂ ತಿನ್ನದ ಆ ಚಾಕಲೇಟುಗಳು ಇರುವೆ ಹತ್ತುವ ತನಕ ಇರುತ್ತಿದ್ದವು. ಅದನ್ನು ನಿಲ್ಲಿಸಿದ್ದು ಯುಪಿಐ. ಇದೂ ನಮ್ಮ ಮುಂಬೈಯಲ್ಲೇ ಶುರುವಾಗಿದ್ದು. 2016ರ ಏಪ್ರಿಲ್ 11ರಂದು, ರಘುರಾಮ್ ರಾಜನ್ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದಾಗ. 2025ರ ಆಗಸ್ಟ್‌ನಲ್ಲಿ ಮೊದಲ ಸಲ ಒಂದೇ ತಿಂಗಳಲ್ಲಿ 2,000 ಕೋಟಿ ಪಾವತಿ ದಾಟಿತು.

ಆದರೆ ಹತ್ತು ರೂಪಾಯಿಯ ಚಹಾಗೂ ಇದು ಹೇಗೆ ಗಿಟ್ಟುತ್ತದೆ? ಹೆಚ್ಚಿನ ಕಾರ್ಡುಗಳನ್ನು ಉಜ್ಜಿದರೆ ಅಂಗಡಿಯವರ ದುಡ್ಡಿನಲ್ಲಿ ಒಂದು ಚೂರು ಬ್ಯಾಂಕಿಗೆ ಹೋಗುತ್ತದೆ. ಅದಕ್ಕೇ 'ಇನ್ನೂರು ರೂಪಾಯಿಗಿಂತ ಕಡಿಮೆ ಇದ್ದರೆ ಕಾರ್ಡ್ ಇಲ್ಲ' ಅನ್ನುವ ಬೋರ್ಡ್. ಬ್ಯಾಂಕ್ ಖಾತೆಯಿಂದ ನೇರವಾಗಿ ಹೋಗುವ ಯುಪಿಐಗೆ 2020ರ ಜನವರಿಯಿಂದ ಆ ಕಡಿತ ಇಲ್ಲ. ಹತ್ತು ರೂಪಾಯಿ ಕೊಟ್ಟರೆ ಹತ್ತೂ ಚಹಾದವನಿಗೆ. ಹಾಗಾಗಿ ಸಣ್ಣ ಗಿರಾಕಿಯನ್ನು ಕಂಡು ಯಾರೂ ಮುಖ ಸಿಂಡರಿಸುವುದಿಲ್ಲ.

ಮನೆಯೂಟದ ಡಬ್ಬಿಗಳನ್ನು ಆಫೀಸಿಗೆ ತಲುಪಿಸುವ ಡಬ್ಬಾವಾಲಾಗಳ ಬಗ್ಗೆ ಹೇಳಲಿಲ್ಲ ಅಂತ ಯಾರಾದರೂ ಕಮೆಂಟ್ ಹಾಕುತ್ತೀರಿ. ನೂರು ವಿಡಿಯೋ ಆಗಿವೆ, ಬಿಡಿ. ನಾನು ಇಲ್ಲಿರುವ ನಮ್ಮ ಕನ್ನಡದವರ ಬಗ್ಗೆ ಹೇಳುತ್ತೇನೆ.

[ದೃಶ್ಯ: ಮಾಟುಂಗಾ ಮಾರ್ಕೆಟ್. ಮಲ್ಲಿಗೆ, ಬಾಳೆ ಎಲೆ. ಮೊದಲ ಮಹಡಿಗೆ ಮೆಟ್ಟಿಲು.]

ಇಲ್ಲಿ 1942ರಿಂದ ಇರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಲೆಕ್ಕದ ಊಟವೂ ಸಿಗುತ್ತದೆ, ಬಾಳೆ ಎಲೆಯ ಮೇಲೆ ಹೊಟ್ಟೆ ತುಂಬ ಬಡಿಸುವ ಊಟವೂ ಸಿಗುತ್ತದೆ. ಎಷ್ಟು ಹಸಿವೋ ಅಷ್ಟರ ಕೂಪನ್. ಇಂಥ ಹೋಟೆಲುಗಳೇ ಮುಂಬೈಗೆ 'ಹಾಫ್ ಪ್ಲೇಟ್' ರುಚಿ ಹತ್ತಿಸಿದ್ದು ಅನ್ನುವುದು ನನ್ನ ವಾದ. ದಾಖಲೆ ಕೇಳಬೇಡಿ, ಇದು ಹೋಟೆಲಿನವರ ಮಗಳ ಅಭಿಮಾನ. ಅರ್ಧ ಪ್ಲೇಟ್ ಉಪ್ಪಿಟ್ಟು, ಸಿಂಗಲ್ ಇಡ್ಲಿ. ಸಾಂಬಾರಿಗೆ ಮಾತ್ರ ಲೆಕ್ಕ ಇಲ್ಲ. ಒಂದು ಇಡ್ಲಿಗೆ ಮೂರು ಬಟ್ಟಲು ಸಾಂಬಾರ್ ಕುಡಿಯುವವರನ್ನು ನಾನೇ ನೋಡಿದ್ದೇನೆ. ಅಪ್ಪ ಅವರಿಗೆ ನಾಲ್ಕನೇ ಬಟ್ಟಲು ಕಳಿಸುತ್ತಿದ್ದರು. "ಪಾಪ, ಅದೇ ಅವರ ಊಟ ಮಗಾ" ಅನ್ನುತ್ತಿದ್ದರು.

ಅಪ್ಪ ಮುಂಬೈಗೆ ಬಂದಿದ್ದು 1974ರಲ್ಲಿ, ಹದಿಮೂರನೇ ವಯಸ್ಸಿಗೆ. ಫೋರ್ಟ್ ಅನ್ನುವ ಪ್ರದೇಶದ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ. ಆ ವಯಸ್ಸಿಗೆ ಆ ಕೆಲಸ ಮಾಡಬಾರದಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಜೆ ಏಪ್ರನ್ ಬಿಚ್ಚಿಟ್ಟು ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದರು. ಮುಂಬೈಯ ಕನ್ನಡಿಗರು ಹೋಟೆಲ್ ಹುಡುಗರಿಗಾಗಿ ಕಟ್ಟಿಕೊಂಡ ಶಾಲೆಗಳು ಅವು. ಸಮಯವೂ ಅಲ್ಲಿ ಕಟಿಂಗ್ ಲೆಕ್ಕದಲ್ಲೇ. ದಿನಕ್ಕೆ ಎರಡೂವರೆ ಗಂಟೆ. ಬೆಂಚಿನ ಮೇಲೆ ನಿದ್ದೆ ಹೋದ ಹುಡುಗರನ್ನು ಮೇಷ್ಟ್ರು ಬೈಯುತ್ತಿರಲಿಲ್ಲವಂತೆ. ಮುಖ ತೊಳೆದು ಬಾ ಅನ್ನುತ್ತಿದ್ದರಂತೆ. ಹಾಗೆ ಚೂರು ಚೂರಾಗಿ ಓದಿ ಅಪ್ಪ ಮೆಟ್ರಿಕ್ ಪಾಸಾದರು.

[ದೃಶ್ಯ: ಲೋಕಲ್ ರೈಲು. ಜನ ಬಾಗಿಲಲ್ಲಿ ನೇತಾಡುತ್ತಿದ್ದಾರೆ.]

ಇವರನ್ನೆಲ್ಲ ಹೊತ್ತು ತಿರುಗಿದ್ದು ಇದೇ ಲೋಕಲ್. 1925ರ ಫೆಬ್ರವರಿ 3ರಂದು ವಿ.ಟಿ.ಯಿಂದ, ಅಂದರೆ ಈಗಿನ ಸಿಎಸ್‌ಎಂಟಿ ಸ್ಟೇಷನ್‌ನಿಂದ, ಕುರ್ಲಾಗೆ ದೇಶದ ಮೊದಲ ಕರೆಂಟ್ ರೈಲು ಓಡಿತು. ಇವತ್ತಿಗೂ ಸೆಕೆಂಡ್ ಕ್ಲಾಸಿನ ಕನಿಷ್ಠ ಟಿಕೆಟ್ 5 ರೂಪಾಯಿ. ಆ ಬಿಸ್ಕತ್ ಪ್ಯಾಕೆಟ್ಟಿನ ಬೆಲೆ. ಮೀನಿನ ಬುಟ್ಟಿ ಇಟ್ಟುಕೊಂಡ ಹೆಂಗಸೂ ಬ್ಯಾಂಕಿನವರೂ ಓಡಾಡುವುದು ಇದೇ ರೈಲಿನಲ್ಲಿ.

ಇದನ್ನು ಹೊಗಳುವಾಗ ನನ್ನ ಬಾಯಿ ಸ್ವಲ್ಪ ತಡವರಿಸುತ್ತದೆ. ಈ ಹಳಿಗಳ ಮೇಲೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಹಳಿ ದಾಟುವಾಗ, ಬಾಗಿಲಿನಿಂದ ಬಿದ್ದು. ಟಿಕೆಟ್ ಅಗ್ಗ ಇದೆ ಅಂತ ಇದನ್ನು ಮುಂಬೈಯ ಸ್ಪಿರಿಟ್ ಅಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಶಾಂಪೂ ಪ್ಯಾಕೆಟ್ಟಿಗೂ ಅಂಥದ್ದೇ ಇನ್ನೊಂದು ಮುಖ ಇದೆ. ನಮ್ಮ ರದ್ದಿವಾಲಾ ಪೇಪರ್ ತಗೊಳ್ಳುತ್ತಾನೆ, ಹಾಲಿನ ಕವರ್ ತಗೊಳ್ಳುತ್ತಾನೆ, ಒಡೆದ ಬಕೆಟ್ಟನ್ನೂ ಬಿಡುವುದಿಲ್ಲ. ಶಾಂಪೂ ಪ್ಯಾಕೆಟ್ ಮಾತ್ರ ಮುಟ್ಟುವುದಿಲ್ಲ. ಬೇರೆ ಬೇರೆ ಪದರಗಳನ್ನು ಅಂಟಿಸಿ ಮಾಡಿದ್ದು, ಬಿಡಿಸಲು ಬರುವುದಿಲ್ಲ, ಅವನಿಗೆ ಅದರಿಂದ ಏನೂ ಹುಟ್ಟುವುದಿಲ್ಲ. ಅದೆಲ್ಲ ಹೋಗಿ ಗಟಾರ ಸೇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿ ಮೀಟರ್ ಮಳೆ ಬಿತ್ತು. ಅಂಥ ಮಳೆಗೆ ಯಾವ ಊರಾದರೂ ಮುಳುಗುತ್ತಿತ್ತು, ನಿಜ. ಆದರೆ ನೀರು ಹೋಗಲು ದಾರಿಯಿಲ್ಲದ ಹಾಗೆ ಗಟಾರಗಳಲ್ಲಿ ಪ್ಲಾಸ್ಟಿಕ್ ಕಟ್ಟಿಕೊಂಡಿತ್ತು. ಅಪ್ಪ ಅವತ್ತು ಸಯನ್‌ನಿಂದ ಎದೆಮಟ್ಟದ ನೀರಿನಲ್ಲಿ ನಡೆದು ಬಂದರು. ಮೋಚಿಯ ಡಬ್ಬಿಯಲ್ಲಿ ಹಳೇ ರನ್ನರ್ ಕೂಡ ಮತ್ತೆ ಕೆಲಸಕ್ಕೆ ಬರುತ್ತದೆ. ಈ ಪ್ಯಾಕೆಟ್ಟಿಗೆ ಅಂಥ ಡಬ್ಬಿ ಇನ್ನೂ ಹುಟ್ಟಿಲ್ಲ.

[ದೃಶ್ಯ: ಮತ್ತೆ ಚಹಾ ಗಾಡಿ. ಸಂಜೆ.]

ಈ ವಿಡಿಯೋ ಶೂಟ್ ಮಾಡಿದ ದಿನದ ಕತೆ ಒಂದು ಹೇಳಿಬಿಡುತ್ತೇನೆ. ಕಟಿಂಗ್ ಕುಡಿದು ದುಡ್ಡು ಕಳಿಸಲು ಹೋದೆ. ನೆಟ್‌ವರ್ಕ್ ಇಲ್ಲ. ಫೋನಿನಲ್ಲಿ ಚಕ್ರ ಸುತ್ತುತ್ತಲೇ ಇದೆ. ಪರ್ಸಿನಲ್ಲಿ ಐನೂರರ ಒಂದೇ ನೋಟು. ಚಹಾದವನು ನೋಟು ನೋಡಿ ತಲೆ ಅಲ್ಲಾಡಿಸಿದ. "ಕಲ್ ದೇ ದೇನಾ", ನಾಳೆ ಕೊಡಿ ಅಂದು ಇನ್ನೊಬ್ಬರ ಲೋಟ ತುಂಬಿಸಲು ಹೋದ. ಅವನ ತಲೆಯ ಮೇಲೆಯೇ ಬೋರ್ಡ್ ನೇತಾಡುತ್ತಿತ್ತು. ನಮ್ಮೂರಿನ ಅಂಗಡಿಗಳಲ್ಲಿ 'ಇಂದು ನಗದು, ನಾಳೆ ಉದ್ರಿ' ಅಂತ ಇರುತ್ತದಲ್ಲ, ಅದೇ, ಹಿಂದಿಯಲ್ಲಿ.

ಮರುದಿನ ಹೋಗಿ ಹತ್ತು ರೂಪಾಯಿ ಕೊಟ್ಟೆ. ಯಾವುದರದ್ದು ಅಂತ ಕೇಳಿದ. ನಿನ್ನೆಯದು ಅಂದೆ. ನೆನಪಾಗಲಿಲ್ಲ ಅನ್ನಿಸುತ್ತದೆ. ದುಡ್ಡು ತಗೊಂಡು ಡಬ್ಬಿಗೆ ಹಾಕಿ, ಕೇಳುವ ಮೊದಲೇ ಇನ್ನೊಂದು ಕಟಿಂಗ್ ಮುಂದಿಟ್ಟ.

[ದೃಶ್ಯ: ಲೋಟದಿಂದ ಹಬೆ. ಹಿಂದೆ ಲೋಕಲ್ ಹೋಗುವ ಸದ್ದು.]