ಹಾವಿನ ಮದ್ದಿಗೆ ಎಷ್ಟು ಪುರಾವೆ ಇದೆ?

ಎಲ್ಲರಿಗೂ ನಮಸ್ಕಾರ. ಮೂಡಿಗೆರೆಯವರಿಗೆ ಹಾವಿನ ಪರಿಚಯ ಮಾಡಿಕೊಡುವ ಧೈರ್ಯ ನನಗಿಲ್ಲ. ತೋಟದಲ್ಲಿ ಕಳೆ ತೆಗೆಯುವಾಗ, ದರಗು ಒಟ್ಟುವಾಗ ನೀವು ನೋಡಿದಷ್ಟು ಹಾವು ನಾನೆಲ್ಲಿ ನೋಡಬೇಕು! ನನ್ನ ವಿಷಯ ಬೇರೆ. ಹಾವು ಕಚ್ಚಿ ವಿಷ ಏರಿದ್ದರೆ ಆಂಟಿವೆನಮ್, ಅಂದರೆ ವಿಷ ಮುರಿಯುವ ಇಂಜೆಕ್ಷನ್, ಕೊಡಲೇಬೇಕು ಅಂತ ನಾವು ಡಾಕ್ಟರುಗಳು ಅಷ್ಟು ಗಟ್ಟಿಯಾಗಿ ಹೇಳುತ್ತೇವಲ್ಲ, ಅದಕ್ಕೆ ಪುರಾವೆ ಎಷ್ಟಿದೆ?

ಪುರಾವೆ ಅಳೆಯಲು ಈಗ ಜಾಸ್ತಿ ಬಳಕೆಯಲ್ಲಿರುವ ಪದ್ಧತಿಯ ಹೆಸರು ‘ಗ್ರೇಡ್’. 2000ರಲ್ಲಿ ಇದರ ಕೆಲಸ ಶುರುವಾಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಬಳಸುತ್ತದೆ. ಪುರಾವೆಗೆ ನಾಲ್ಕು ಮಟ್ಟ: ಹೆಚ್ಚು, ಮಧ್ಯಮ, ಕಡಿಮೆ, ತೀರಾ ಕಡಿಮೆ. ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಗುಂಪು ಮಾಡಿ, ಒಂದು ಗುಂಪಿಗೆ ಔಷಧಿ ಕೊಟ್ಟು ಹೋಲಿಸಿದ ಪ್ರಯೋಗ ಮೇಲಿನಿಂದ ಶುರುವಾಗುತ್ತದೆ, ದೋಷ ಕಂಡರೆ ಇಳಿಯುತ್ತದೆ. ಸುಮ್ನೆ ಗಮನಿಸಿ ಬರೆದಿಟ್ಟ ಅಧ್ಯಯನ ‘ಕಡಿಮೆ’ ಮಟ್ಟದಿಂದ ಶುರು. ಸಲಹೆಗೆ ಬೇರೆಯೇ ಲೆಕ್ಕ: ಬಲವಾದ ಸಲಹೆ, ಇಲ್ಲವೇ ಷರತ್ತಿನ ಸಲಹೆ. ಈ ಎರಡು ಲೆಕ್ಕವನ್ನು ಒಂದೇ ಅಂದುಕೊಂಡು ಗೊಂದಲ ಮಾಡಿಕೊಳ್ಳುವವರು ನಮ್ಮಲ್ಲೇ ಬೇಕಾದಷ್ಟಿದ್ದಾರೆ.

ಕೊಳಕುಮಂಡಲದ ವಿಷ ಏರಿದರೆ ರಕ್ತ ಹೆಪ್ಪುಗಟ್ಟುವುದು ತಪ್ಪುತ್ತದೆ. ಒಣಗಿದ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತೇವೆ. ಆಮೇಲೆ ಒಂದೇ ಸಲ ಬಗ್ಗಿಸಿ ನೋಡುವುದು. ಹರಿದು ಬಂದರೆ ಆಂಟಿವೆನಮ್ ತರಿಸು ಅಂತ ಅರ್ಥ. ಈ ತೊಂದರೆಯಲ್ಲಿ ಆಂಟಿವೆನಮ್ ಕೊಟ್ಟವರನ್ನೂ ಕೊಡದವರನ್ನೂ ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ಹೋಲಿಸಿದ ಪ್ರಯೋಗ ಇದೆಯೇ? ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2015ರ ಅವಲೋಕನ ಹುಡುಕಿತು. ಒಂದೂ ಸಿಗಲಿಲ್ಲ. ಹಾಗಂತ ಮದ್ದು ಬಿಡುವುದೇ? ಪ್ರಾಣ ಹೋಗುವ ಹೊತ್ತು, ವಿಷಕ್ಕೆ ಬೇರೆ ಮದ್ದಿಲ್ಲ. ಬರೀ ಗ್ಲೂಕೋಸ್ ಏರಿಸಿ ನೋಡೋಣ ಅನ್ನಲು ಯಾರಿಗೆ ಮನಸ್ಸು ಬರುತ್ತದೆ? ಪುರಾವೆ ಕಡಿಮೆ ಇದ್ದರೂ ಸಲಹೆ ಗಟ್ಟಿಯಾಗಿರುವುದು ಇಂಥ ಕಡೆ.

ಇದರ ಉಲ್ಟಾನೂ ಇದೆ. ಆಂಟಿವೆನಮ್ ಕುದುರೆಯ ರಕ್ತದಿಂದ ಆಗುವಂಥದ್ದು, ಕೆಲವರಿಗೆ ಅಲರ್ಜಿ ಆಗುತ್ತದೆ. ತಡೆಯಲು ಮೊದಲೇ ಹೈಡ್ರೋಕಾರ್ಟಿಸೋನ್ ಅನ್ನೋ ಸ್ಟೀರಾಯ್ಡ್ ಕೊಡುವ ರೂಢಿ ಬಂತು. ಶ್ರೀಲಂಕಾದಲ್ಲಿ 1,007 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು, 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೈಡ್ರೋಕಾರ್ಟಿಸೋನ್ ಕೆಲಸ ಮಾಡಲಿಲ್ಲ, ಪ್ರೊಮೆಥಜೀನ್ ಅನ್ನೋ ಅಲರ್ಜಿ ಔಷಧಿಯೂ ಅಷ್ಟೇ. ಚರ್ಮದಡಿ ಕೊಟ್ಟ ಚೂರು ಅಡ್ರಿನಲಿನ್ ಮಾತ್ರ ಮೊದಲ ಗಂಟೆಯಲ್ಲಿ ತೀವ್ರ ಅಲರ್ಜಿಯನ್ನು 43% ತಗ್ಗಿಸಿತು. ರೂಢಿಗೆ ವಯಸ್ಸಾಗಿದೆ ಅಂದ ಮಾತ್ರಕ್ಕೆ ಪುರಾವೆ ಆಗಲ್ಲ, ಅಲ್ವಾ?

ಪುರಾವೆ ಯಾವ ಹಾವಿನದು ಅಂತಲೂ ಕೇಳಬೇಕು. ನಮ್ಮ ರೋಗಿಗೆ ನೇರವಾಗಿ ಹೊಂದದ ಪುರಾವೆಯನ್ನು ಗ್ರೇಡ್ ಒಂದೋ ಎರಡೋ ಮಟ್ಟ ಇಳಿಸುತ್ತದೆ. ನಮ್ಮ ದೇಶದ ಆಂಟಿವೆನಮ್ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಕ್ಕೆ ಮಾಡಿದ್ದು. ಪಶ್ಚಿಮ ಘಟ್ಟದಲ್ಲಿ ಮೂತಿ ಮೇಲಕ್ಕೆ ತಿರುಗಿದ, ದರಗಿನ ಬಣ್ಣದ ಸಣ್ಣ ಮಂಡಲವೊಂದಿದೆ. ಅದರ ವಿಷಕ್ಕೆ ಈ ಮದ್ದು ನಾಟುವುದಿಲ್ಲ. ಕಿಡ್ನಿಗೆ ಪೆಟ್ಟು ಬೀಳಬಹುದು, ಆದ್ದರಿಂದ ರಕ್ತ, ಮೂತ್ರ ನೋಡುತ್ತಾ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುತ್ತೇವೆ. ಆಗ ‘ಇಂಜೆಕ್ಷನ್ ಯಾಕೆ ಹಾಕಲಿಲ್ಲ’ ಅಂತ ಡ್ಯೂಟಿ ಡಾಕ್ಟರ ಮೇಲೆ ರೇಗಬೇಡಿ. ಹಾವನ್ನು ಹೊಡೆದು ತರಲೂ ಬೇಡಿ. ದೂರದಿಂದ ಫೋಟೋ ಸಿಕ್ಕರೆ ತನ್ನಿ, ಸಿಗದಿದ್ದರೆ ಹೊತ್ತು ಕಳೆಯದೆ ಜೀಪು ಹತ್ತಿಸಿ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು.