ಅಂಗಳದ ಬೋರ್ಡು ಕಿತ್ತ ಮೇಲೆ

ಆತ್ಮೀಯ ಕೇಳುಗರಿಗೆ ನಮಸ್ಕಾರ.

ಕುಂಬಳೆಯಿಂದ ಬದಿಯಡ್ಕದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಯಾವುದಾದರೂ ಗೇಟಿನ ಪಕ್ಕ "ಮನೆ ಮತ್ತು ಸ್ಥಳ ಮಾರಾಟಕ್ಕಿದೆ" ಎಂಬ ಬೋರ್ಡು ಕಣ್ಣಿಗೆ ಬೀಳುವುದುಂಟು. ಕನ್ನಡದಲ್ಲಿ ಒಂದು ಸಾಲು, ಮಲಯಾಳದಲ್ಲಿ ಒಂದು ಸಾಲು, ಕೆಳಗೆ ಫೋನ್ ನಂಬರು. ದೊಡ್ಡವರಿಗೆ ಅದು ಸೆಂಟ್ಸಿನ ಲೆಕ್ಕ. ಆ ಮನೆಯ ಜಗಲಿಯಲ್ಲಿ ಆಡುವ ಮಗುವಿಗೆ ಏನು? ಇದೇ ಪ್ರಶ್ನೆಯನ್ನು ಹಿಡಿದು ಒಂದು ನಗೆಯ ಕಾರ್ಟೂನು 28 ನಿಮಿಷದ ಕಂತೊಂದನ್ನು ಮಾಡಿತು. ಅದನ್ನು ನೋಡಿ ಮಕ್ಕಳಿಗಿಂತ ಹೆಚ್ಚು ಅತ್ತವರು ಅಪ್ಪ ಅಮ್ಮಂದಿರು. ನಗಿಸುತ್ತಿದ್ದ ಚಿತ್ರ ಅಳಿಸಿದ್ದು ಹೇಗೆ, ನೋಡಿದವರು ಯಾಕೆ ಅತ್ತರು, ಕೆಲವರು ಯಾಕೆ ಸಿಟ್ಟಾದರು, ನಮ್ಮೂರಿನ ಮಕ್ಕಳಿಗೆ ತೋರಿಸುವುದಾದರೆ ಏನೇನು ನೋಡಿಕೊಳ್ಳಬೇಕು ಎಂಬುದನ್ನು ಇವತ್ತು ಮಾತಾಡೋಣ.

ಕಾರ್ಟೂನಿನ ಹೆಸರು ಬ್ಲೂಯಿ. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಲೂಡೊ ಸ್ಟುಡಿಯೊದಲ್ಲಿ ತಯಾರಾಗುತ್ತದೆ. ರೂಪಿಸಿದವರು ಜೋ ಬ್ರಮ್. 2018ರ ಅಕ್ಟೋಬರಿನಲ್ಲಿ ಶುರುವಾಯಿತು. ಬ್ಲೂಯಿ ಎಂಬ ನಾಯಿಮರಿ, ತಂಗಿ ಬಿಂಗೊ, ಅಪ್ಪ ಬ್ಯಾಂಡಿಟ್, ಅಮ್ಮ ಚಿಲ್ಲಿ, ಇವರ ಮನೆಯ ಆಟಗಳೇ ಕಥೆ. ಸಾಮಾನ್ಯವಾಗಿ ಒಂದು ಕಂತಿಗೆ ಏಳು ನಿಮಿಷ. 2024ರ ಏಪ್ರಿಲ್ 14ರಂದು, ನಮ್ಮಲ್ಲಿ ವಿಷು ಕಣಿ ಇಟ್ಟ ದಿನವೇ, ದ ಸೈನ್ ಎಂಬ ದೊಡ್ಡ ಕಂತು ಬಂತು. ಸೈನ್ ಎಂದರೆ ಇಲ್ಲಿ ಅಂಗಳದಲ್ಲಿ ನೆಟ್ಟ ಮಾರಾಟದ ಬೋರ್ಡು.

ಕಥೆ ಸರಳ. ಅಪ್ಪನಿಗೆ ಬೇರೆ ಊರಿನಲ್ಲಿ ಹೆಚ್ಚು ಸಂಬಳದ ಕೆಲಸ ಸಿಕ್ಕಿದೆ. ಮನೆ ಮಾರಬೇಕು. ಅದೇ ಹೊತ್ತಿಗೆ ಅದೇ ಮನೆಯಲ್ಲಿ ಒಂದು ಮದುವೆ. ಬ್ಲೂಯಿಗೆ ಹೋಗಲು ಮನಸ್ಸಿಲ್ಲ, ಅಮ್ಮನಿಗೂ ಒಳಗೊಳಗೇ ಇಲ್ಲ. ಶಾಲೆಯ ಟೀಚರು ಹಳೆಯ ಚೀನೀ ಕಥೆಯೊಂದನ್ನು ಹೇಳುತ್ತಾರೆ. ರೈತನ ಕುದುರೆ ಓಡಿಹೋಯಿತು, ಅಯ್ಯೋ ದುರದೃಷ್ಟ ಎಂದರು ನೆರೆಯವರು, ರೈತ "ನೋಡೋಣ" ಎಂದ. ಒಂದರ ಹಿಂದೆ ಒಂದು ಅದೃಷ್ಟ, ದುರದೃಷ್ಟ ಬಂದರೂ ಅವನದು ಅದೇ ಮಾತು. ಕೊನೆಗೆ ಸಾಮಾನು ಕಟ್ಟಿ, ಮನೆ ಖಾಲಿ ಮಾಡಿ, ಕಾರು ಹತ್ತುವಾಗ ಕೊಳ್ಳುವವರು ಹಿಂದೆ ಸರಿದರು ಎಂಬ ಫೋನ್ ಬರುತ್ತದೆ. ಅಪ್ಪ ಬೋರ್ಡನ್ನು ಕಿತ್ತು ಎಸೆಯುತ್ತಾನೆ.

ಇಷ್ಟಕ್ಕೆ ಅಳು ಯಾಕೆ ಬರಬೇಕು? ಮೊದಲ ಕಾರಣ ಆ 28 ನಿಮಿಷದಲ್ಲಿಲ್ಲ, ಅದಕ್ಕಿಂತ ಹಿಂದೆ ಇದೆ. ವರ್ಷಗಟ್ಟಲೆ ನೋಡುಗರು ಆ ಮನೆಯೊಳಗೆ ಓಡಾಡಿದ್ದಾರೆ. ಯಾವ ಕೋಣೆಯಲ್ಲಿ ಬಲೂನು ಆಟ ನಡೆಯಿತು, ಯಾವ ಮೆಟ್ಟಿಲಲ್ಲಿ ಅಪ್ಪ ಸೋತು ಕೂತ ಎಂಬುದೆಲ್ಲ ಅವರಿಗೆ ಬಾಯಿಪಾಠ. ನಗುತ್ತ ನಗುತ್ತ ಕಟ್ಟಿಕೊಂಡ ಸಲುಗೆ ಅದು. ಮನೆ ಖಾಲಿಯಾದಾಗ ಹಿನ್ನೆಲೆಯಲ್ಲಿ ಬರೀ ಗೋಡೆ ತೋರಿಸಿದರೂ ಸಾಕು, ಅಲ್ಲಿದ್ದ ಸಾಮಾನನ್ನು ನೋಡುಗರ ನೆನಪೇ ತುಂಬಿಸುತ್ತದೆ. ಮೊದಲ ಕಂತಿನಲ್ಲೇ ಮನೆ ಮಾರಿದ್ದರೆ ಯಾರ ಕಣ್ಣೂ ಒದ್ದೆಯಾಗುತ್ತಿರಲಿಲ್ಲ.

ಎರಡನೆಯದು ವೇಗ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು, ಅಂದರೆ ಫ್ರೇಮು. ಕೈಯಿಂದ ಬಿಡಿಸುವ ಕಾರ್ಟೂನಿನಲ್ಲಿ ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ನಿಲ್ಲಿಸುವುದು ವಾಡಿಕೆ. ಅಂದರೆ ಸೆಕೆಂಡಿಗೆ 12 ಚಿತ್ರ, ಏಳು ನಿಮಿಷಕ್ಕೆ 5,040 ಚಿತ್ರ. ನಗೆಯ ದೃಶ್ಯದಲ್ಲಿ ಇವು ಒತ್ತೊತ್ತಾಗಿ ಓಡುತ್ತವೆ, ಬಿದ್ದ ಕೂಡಲೇ ದೃಶ್ಯ ಕತ್ತರಿಸಬೇಕು, ಅರ್ಧ ಸೆಕೆಂಡು ತಡವಾದರೂ ನಗು ಹಳಸುತ್ತದೆ. ದುಃಖದ ದೃಶ್ಯಕ್ಕೆ ಇದರ ತಿರುಗುಮುರುಗು ಬೇಕು. ಮಾತು ಮುಗಿದ ಮೇಲೂ ಮುಖ ಎರಡು ಮೂರು ಸೆಕೆಂಡು ನಿಲ್ಲಬೇಕು. ಬರೀ ನಿಲ್ಲಿಸಿದರೆ ಚಿತ್ರ ಸತ್ತ ಹಾಗೆ ಕಾಣುತ್ತದೆ, ಟಿವಿ ಸಿಕ್ಕಿಹಾಕಿಕೊಂಡಿತೇ ಎಂದು ನೋಡುವವರು ರಿಮೋಟ್ ಹುಡುಕುತ್ತಾರೆ. ಅದಕ್ಕೆ ಒಂದು ರೆಪ್ಪೆ ಬಡಿತ ಇಡುತ್ತಾರೆ, ನಾಲ್ಕರಿಂದ ಆರು ಚೌಕಟ್ಟಿನಷ್ಟು. ಕಿವಿ ಒಂದಿಷ್ಟು ಕೆಳಗಿಳಿಯುತ್ತದೆ. ಅಷ್ಟು ಸಾಕು. ಕೊಡ ಕವುಚಿದ ಹಾಗೆ ಕಣ್ಣೀರು ಬಿಡಿಸಿದರೆ ಅದು ಮತ್ತೆ ತಮಾಷೆಯೇ ಆಗಿಬಿಡುತ್ತದೆ, ಯಾಕೆಂದರೆ ಕಾರಂಜಿಯಂಥ ಕಣ್ಣೀರು ಕಾರ್ಟೂನಿನಲ್ಲಿ ಮೊದಲಿನಿಂದಲೂ ನಗಿಸಲಿಕ್ಕೆ ಇಟ್ಟ ಗುರುತು.

ಕಾಸರಗೋಡಿನವರಿಗೆ ಈ ವಿದ್ಯೆ ಹೊಸದಲ್ಲ. ಯಕ್ಷಗಾನದ ನಳದಮಯಂತಿ ಪ್ರಸಂಗದ ಬಾಹುಕನನ್ನು ನೆನಪು ಮಾಡಿಕೊಳ್ಳಿ. ಕಾರ್ಕೋಟಕನೆಂಬ ಹಾವು ಕಚ್ಚಿ ಕುರೂಪಿಯಾದ ನಳ, ಋತುಪರ್ಣನ ಸಾರಥಿ. ಆ ವೇಷ ಬಹುಮಟ್ಟಿಗೆ ಹಾಸ್ಯಗಾರರ ಪಾಲಿನದು. ರಂಗಕ್ಕೆ ಬಂದ ಕೂಡಲೇ ಆ ನಡಿಗೆಗೆ ಮಕ್ಕಳು ನಗುತ್ತಾರೆ. ಮುಂದೆ ಅದೇ ಬಾಹುಕ ದಮಯಂತಿಯ ಮುಂದೆ ನಿಂತಾಗ ಚೆಂಡೆ ಸುಮ್ಮನಾಗಿ ಮದ್ದಳೆಯೊಂದೇ ಉಳಿಯುತ್ತದೆ, ಭಾಗವತರ ಪದ ನಿಧಾನವಾಗುತ್ತದೆ. ಅದೇ ವೇಷ, ಅದೇ ಗೂನು. ನಗಿಸಿದ ದೇಹವೇ ಅಳಿಸುವುದರಿಂದ ನಾಟುವುದು ಹೆಚ್ಚು. ನಮ್ಮ ಯಕ್ಷಗಾನ ಬೊಂಬೆಯಾಟದಲ್ಲಂತೂ ಮರದ ಮುಖದ ಒಂದು ಗೆರೆಯೂ ಅಲ್ಲಾಡುವುದಿಲ್ಲ. ತಲೆ ಬಾಗುವ ಕೋನ, ಹಿಮ್ಮೇಳದ ಕಾಲ, ಇವೆರಡೇ ಕೆಲಸ ಮಾಡುತ್ತವೆ. ಬ್ಲೂಯಿಯ ಪಾತ್ರಗಳೂ ಕಂಪ್ಯೂಟರಿನಲ್ಲಿ ತುಂಡು ತುಂಡಾಗಿ ಜೋಡಿಸಿದ ಬೊಂಬೆಗಳೇ. ಕೈ, ಕಾಲು, ಕಿವಿ, ಹುಬ್ಬು ಬೇರೆ ಬೇರೆ, ಕೀಲಿನ ಜಾಗದಲ್ಲಿ ತಿರುಗುವಂಥವು.

ಇನ್ನು ನೋಡಿದವರ ವಿಷಯ. ಈ ಕಂತಿಗೆ ಒಂದು ವಾರ ಮೊದಲು ಏಪ್ರಿಲ್ 7ರಂದು ಬಂದ ಗೋಸ್ಟ್‌ಬಾಸ್ಕೆಟ್ ಎಂಬ ಕಂತಿನ ಕೊನೆಗೆ ಅಂಗಳದಲ್ಲಿ ಬೋರ್ಡು ಕಾಣಿಸಿತ್ತು. ಅಲ್ಲಿಂದಲೇ ಕಳವಳ ಶುರು. ಅಭಿಮಾನಿಗಳು ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರು, ಸರಣಿಯೇ ಮುಗಿಯುತ್ತದೋ ಎಂದು ಹೆದರಿದರು. ದ ಸೈನ್ ಬಂದಾಗ ಹೆಚ್ಚು ಜನರನ್ನು ಹಿಡಿದದ್ದು ಬೋರ್ಡು ಕಿತ್ತ ಗಳಿಗೆ. ಆದರೆ ಬಲ್ಲವರನ್ನು ಅದಕ್ಕಿಂತ ಹೆಚ್ಚು ಅಲ್ಲಾಡಿಸಿದ್ದು ಕೆಲವೇ ಸೆಕೆಂಡಿನ ಒಂದು ನೋಟ. ಚಿಲ್ಲಿಯ ಒಡಹುಟ್ಟಿದವಳು ಬ್ರಾಂಡಿ ಬಸುರಿಯಾಗಿ ಕಾಣಿಸುತ್ತಾಳೆ. ಅದರ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ಮೂರನೆಯ ಸರಣಿಯ ಒನ್ಸೀಸ್ ಎಂಬ ಹಿಂದಿನ ಕಂತನ್ನು ನೋಡದವರಿಗೆ ಅದು ಏನೂ ಅಲ್ಲ. ನೋಡಿದವರಿಗೆ ಗೊತ್ತು, ಬಹಳ ಆಸೆಪಟ್ಟದ್ದು ಕೈಗೂಡದೆ ಬ್ರಾಂಡಿ ಆ ಮನೆಗೆ ಬರುವುದನ್ನೇ ವರ್ಷಗಟ್ಟಲೆ ಬಿಟ್ಟಿದ್ದಳು. ಮಕ್ಕಳಾಗದ ನೋವನ್ನು ಮಕ್ಕಳ ಕಾರ್ಟೂನು ಹೆಸರು ಹೇಳದೆ ತೋರಿಸಿತ್ತು. ಈಗ ಅದಕ್ಕೆ ಉತ್ತರವನ್ನೂ ಮಾತಿಲ್ಲದೆ ಕೊಟ್ಟಿತು. ನನ್ನ ಲೆಕ್ಕದಲ್ಲಿ ಇಡೀ 28 ನಿಮಿಷದಲ್ಲಿ ಅತ್ಯಂತ ಉತ್ತಮ ಕೆಲಸ ಇದೇ. ಬೋರ್ಡು ಕಿತ್ತದ್ದಲ್ಲ.

ಸಿಟ್ಟಾದವರೂ ಇದ್ದರು, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ನಿಜವಾಗಿಯೂ ಊರು ಬಿಟ್ಟ ಮಕ್ಕಳಿಗೆ ಈ ಮುಕ್ತಾಯದಿಂದ ಏನು ಸಿಕ್ಕಿತು ಎಂಬುದು ಅವರ ಪ್ರಶ್ನೆ. ಗಲ್ಫಿನ ಕೆಲಸಕ್ಕೆ ಹೊರಟವರ ಮನೆಗಳಿರುವ ಮಂಜೇಶ್ವರ, ಉಪ್ಪಳದಂಥ ಕಡೆ ಇದು ಬರೀ ವಾದವಲ್ಲ. ಅಪ್ಪ ಹೋದದ್ದು ಹೋದದ್ದೇ, ಫೋನ್ ಬಂದು ಯಾರೂ ಟಿಕೆಟ್ ಹರಿದು ಎಸೆಯಲಿಲ್ಲ ಎಂದು ಒಂದು ಮಗು ಅಂದುಕೊಂಡರೆ ತಪ್ಪೇನು? ಹಳೆಯ ಉದಾಹರಣೆಯೊಂದು ಇಲ್ಲಿ ಸಹಾಯಕ್ಕೆ ಬರುತ್ತದೆ. 2002ರಲ್ಲಿ ಫ್ಯೂಚರಾಮ ಎಂಬ ಅಮೆರಿಕದ ನಗೆ ಕಾರ್ಟೂನಿನಲ್ಲಿ, ಹಿಂತಿರುಗದ ಒಡೆಯನಿಗಾಗಿ ಅಂಗಡಿಯ ಮುಂದೆ 12 ವರ್ಷ ಕಾದು ಕಣ್ಣು ಮುಚ್ಚುವ ನಾಯಿಯ ಕಂತು ಬಂತು. ನೋಡಿದವರು ಸಂಕಟಪಟ್ಟರು. 2007ರಲ್ಲಿ ಅದೇ ಸರಣಿಯ ಒಂದು ಚಿತ್ರ, ಆ ನಾಯಿ ಒಂಟಿಯಾಗಿರಲಿಲ್ಲ ಎಂದು ಕಥೆಯನ್ನು ಸ್ವಲ್ಪ ತಿದ್ದಿತು. ಆದರೂ ಜನ ಇವತ್ತಿಗೂ ನೆನಪಿಟ್ಟುಕೊಂಡದ್ದು ತಿದ್ದುವ ಮೊದಲಿನ ಕಂತನ್ನು. ಬ್ಲೂಯಿಯ ಮುಕ್ತಾಯವೂ ಒಂದು ಹದ ಮೆತ್ತಗಾಯಿತು ಎಂದೇ ನನಗೆ ಅನ್ನಿಸುತ್ತದೆ, ಆದರೆ ಅದರ ಪ್ರೇಕ್ಷಕರಲ್ಲಿ ನಾಲ್ಕು ವರ್ಷದವರೂ ಇದ್ದಾರೆ ಎಂಬುದನ್ನು ಮರೆಯಬಾರದು.

ಭಾಷೆಯ ತೊಡಕು ನಮ್ಮ ಜಿಲ್ಲೆಯಲ್ಲಿ ಬೇರೆಯೇ. ಒಂದೇ ಮನೆಯಲ್ಲಿ ಅಜ್ಜಿಗೆ ಕನ್ನಡ ಅಥವಾ ತುಳು, ಮಗುವಿಗೆ ಶಾಲೆಯಿಂದ ಬಂದ ಮಲಯಾಳ. ಕಾರ್ಟೂನಿಗೆ ಕನ್ನಡದಲ್ಲಿ ಚಿಂಟು ಟಿವಿ, ಮಲಯಾಳದಲ್ಲಿ ಕೊಚ್ಚು ಟಿವಿ. ಡಬ್ಬಿಂಗಿನಲ್ಲಿ ಕರುಣೆಯ ದೃಶ್ಯ ಕೆಡುವುದು ಎರಡು ಕಡೆ. ಒಂದು, ಮೂಲದಲ್ಲಿ ಮೌನವಿದ್ದ ಜಾಗಕ್ಕೆ ನಿಟ್ಟುಸಿರು, "ಅಯ್ಯೋ", ಬಿಕ್ಕಳಿಕೆ ತುರುಕುವುದು. ಮೈಕಿನ ಮುಂದೆ ಮೂರು ಸೆಕೆಂಡು ಸುಮ್ಮನಿರುವುದು ಕಷ್ಟ, ಆದರೆ ಇರಲೇಬೇಕು. ಇನ್ನೊಂದು, ನೆಂಟಸ್ತಿಕೆ. ಇಂಗ್ಲಿಷಿನ ಆಂಟ್ ಎಂಬ ಒಂದೇ ಮಾತಿಗೆ ನಾವು ದೊಡ್ಡಮ್ಮನೋ ಚಿಕ್ಕಮ್ಮನೋ ಅತ್ತೆಯೋ ಎಂದು ತೀರ್ಮಾನಿಸಬೇಕು. ತಪ್ಪಿದರೆ ಬ್ರಾಂಡಿಯ ನೋವು ಯಾರದೋ ಮನೆಯ ಸುದ್ದಿಯಾಗುತ್ತದೆ.

ತುಟಿಯ ವಿಷಯವನ್ನೂ ಹತ್ತಿರದಿಂದ ನೋಡಿ. ಇಂಗ್ಲಿಷಿನಲ್ಲಿ ಮಗು "ಮಮ್" ಎನ್ನುತ್ತದೆ. ತುಟಿ ಮುಚ್ಚಿ, ತೆರೆದು, ಮತ್ತೆ ಮುಚ್ಚುತ್ತದೆ. "ಅಮ್ಮ" ಎನ್ನುವಾಗ ಅದು ಪೂರ್ತಿ ಉಲ್ಟಾ, ತೆರೆದು, ಮುಚ್ಚಿ, ತೆರೆಯುತ್ತದೆ. ಹವ್ಯಕರ ಅಬ್ಬೆ, ತುಳುವಿನ ಅಪ್ಪೆ, ಬ್ಯಾರಿಗಳ ಉಮ್ಮ, ಎಲ್ಲವೂ ಇದೇ ಅಚ್ಚು. ಹಾಗಾಗಿ ಡಬ್ ಮಾಡುವವರು ಮಾತನ್ನು ಎರಡು ಮೂರು ಚೌಕಟ್ಟು ಮೊದಲೇ ಶುರುಮಾಡಿ, "ಅಮ್ಮ"ದ ನಡುವಿನ ಮುಚ್ಚುವಿಕೆಯನ್ನು "ಮಮ್"ನ ಮೊದಲ ಮುಚ್ಚುವಿಕೆಗೆ ಕೂರಿಸಬೇಕು. ಕೂರಿಸದಿದ್ದರೆ ಯಾಕೆಂದು ಗೊತ್ತಾಗದೆಯೇ ಮಗುವಿನ ಕೂಗು ನಮಗೆ ಸುಳ್ಳೆನಿಸುತ್ತದೆ.

ಗ್ರಂಥಾಲಯದ ಬಾಲವೇದಿಯಲ್ಲೋ ಮನೆಯಲ್ಲೋ ತೋರಿಸುವುದಾದರೆ ಕ್ರಮ ಹೀಗಿರಲಿ. ಸಾರ್ವಜನಿಕವಾಗಿ ತೋರಿಸಲಿಕ್ಕೆ ಹಕ್ಕುಳ್ಳವರ ಅನುಮತಿ ಬೇಕು, ಅದನ್ನು ಮೊದಲೇ ಕೇಳಿಕೊಳ್ಳಿ. ತೋರಿಸುವವರು ಒಮ್ಮೆ ಒಬ್ಬರೇ ನೋಡಿಕೊಂಡಿರಬೇಕು, ಮಕ್ಕಳ ಮುಂದೆ ಮೊದಲ ಸಲ ನೋಡಲು ಹೋಗಬೇಡಿ. ಬೇರೆ ಬೇರೆ ಮನೆಮಾತಿನ ಮಕ್ಕಳಿದ್ದರೆ ಸ್ಲೀಪಿಟೈಮ್ ಎಂಬ ಏಳು ನಿಮಿಷದ ಕಂತಿನಿಂದ ಆರಂಭಿಸಿ. ಬಿಂಗೊ ಕನಸಿನಲ್ಲಿ ಗ್ರಹಗಳ ನಡುವೆ ತೇಲುವ ಕಥೆ ಅದು, ಮಾತು ಬಹಳ ಕಡಿಮೆ. ಹೋಲ್ಸ್ಟ್ ಎಂಬ ಸಂಗೀತಗಾರರು ಗುರುಗ್ರಹಕ್ಕೆಂದು ಬರೆದ ಸಂಗೀತವೇ ಅದರ ಬೆನ್ನೆಲುಬು. ಆಮೇಲೆ ಒನ್ಸೀಸ್, ಗೋಸ್ಟ್‌ಬಾಸ್ಕೆಟ್, ಕೊನೆಗೆ ದ ಸೈನ್. ಎಲ್ಲ ಸೇರಿ 50 ನಿಮಿಷವೂ ಆಗುವುದಿಲ್ಲ.

ಭಾಷೆ ತಿಳಿಯದವರಿಗೆ ಹೇಳುವುದಿದ್ದರೆ ಮೊದಲೇ ಐದು ನಿಮಿಷ ಕಥೆಯ ಅರ್ಧದವರೆಗೆ ಹೇಳಿ. ದೃಶ್ಯದ ಮೇಲೆ ಮಾತಾಡಬೇಡಿ, ನಡುವೆ ನಿಲ್ಲಿಸಿ ವಿವರಿಸಬೇಡಿ. ಮೌನದ ಮೂರು ಸೆಕೆಂಡನ್ನು ವಿವರಣೆ ನುಂಗಿದರೆ ಉಳಿಯುವುದು ಬರೀ ಸುದ್ದಿ. ಧ್ವನಿಗೆ ಲ್ಯಾಪ್‌ಟಾಪಿನ ಸ್ಪೀಕರು ಸಾಲದು, ಅದು ಮೆಲುದನಿಯನ್ನು ತಿಂದುಹಾಕುತ್ತದೆ. ಬೇರೆ ಸ್ಪೀಕರನ್ನು ನೆಲದಲ್ಲಿಡದೆ ಕೂತ ಮಕ್ಕಳ ಕಿವಿಯ ಎತ್ತರಕ್ಕೆ ಇಡಿ. ಶೀಟಿನ ಮಾಡಿನ ಹಾಲ್ ಆದರೆ ಜೂನ್, ಜುಲೈ, ಆಗಸ್ಟ್ ಬೇಡವೇ ಬೇಡ. ಮಳೆ ಹೊಡೆಯುವಾಗ ಸ್ಪೀಕರು ಎಷ್ಟು ಏರಿಸಿದರೂ ಕಿರುಚಾಟ ಮಾತ್ರ ಕೇಳುತ್ತದೆ, ಪಿಸುಮಾತು ಕೇಳುವುದಿಲ್ಲ.

ಕೊನೆಯಲ್ಲಿ ಕೆಲಸ ಮಾಡಿದವರ ಹೆಸರುಗಳು ಓಡುವಾಗ ಲೈಟು ಹಾಕಬಾರದು. ಇದನ್ನು ಒತ್ತಿ ಹೇಳುತ್ತೇನೆ. 1995ರ ನವೆಂಬರಿನಲ್ಲಿ ಬಂದ ಸಿಂಪ್ಸನ್ಸ್ ಕಾರ್ಟೂನಿನ ಒಂದು ಕಂತಿನಲ್ಲಿ, ಬಹುಕಾಲದ ಮೇಲೆ ಸಿಕ್ಕಿದ ತಾಯಿಯನ್ನು ಮತ್ತೆ ಬೀಳ್ಕೊಟ್ಟ ಆ ಮನೆಯ ಅಪ್ಪ ಹೋಮರ್ ಕಾರಿನ ಮೇಲೆ ಕೂತು ನಕ್ಷತ್ರ ನೋಡುತ್ತಾನೆ. ಮಾತಿಲ್ಲ. ಹೆಸರುಗಳೆಲ್ಲ ಅದರ ಮೇಲೆಯೇ ಓಡುತ್ತವೆ. ಹೆಸರು ಬಂದ ಕೂಡಲೇ ಚಾನೆಲ್ ಬದಲಿಸಿದವರಿಗೆ ಆ ಕಂತಿನ ಹೃದಯವೇ ಸಿಗಲಿಲ್ಲ.

ಮುಗಿದ ಮೇಲೆ ಎರಡು ನಿಮಿಷ ಯಾರೂ ಮಾತಾಡುವುದು ಬೇಡ. ಅಳುವ ಮಗುವನ್ನು "ಇದು ಕಾರ್ಟೂನಲ್ವಾ, ಅಳ್ತಾರಾ" ಎಂದು ಸಮಾಧಾನ ಮಾಡಬೇಡಿ, ನಾಳೆಯಿಂದ ಅದು ಅಡಗಿಸಿ ಅಳಲು ಕಲಿಯುತ್ತದೆ. ಯಾಕೆ ಅತ್ತೆ ಎಂದೂ ಕೇಳಬೇಡಿ, ಆ ಪ್ರಶ್ನೆಗೆ ದೊಡ್ಡವರ ಹತ್ತಿರವೂ ಉತ್ತರ ಇರುವುದಿಲ್ಲ. ಸಂಗೀತ ಎಲ್ಲಿ ನಿಂತಿತು, ಬ್ಲೂಯಿಯ ಕಿವಿ ಯಾವಾಗ ಕೆಳಗಾಯಿತು, ಖಾಲಿ ಕೋಣೆಯಲ್ಲಿ ಮೊದಲು ಏನಿತ್ತು ಎಂದು ಕೇಳಿ. ಇಂಥದ್ದಕ್ಕೆ ಆರು ವರ್ಷದ ಮಗು ಕೂಡ ಉತ್ತರ ಹೇಳುತ್ತದೆ, ಹೇಳುತ್ತ ಹೇಳುತ್ತ ತನ್ನ ಮಾತಿಗೂ ಬರುತ್ತದೆ.

ಮನೆ ಬಿಟ್ಟು ಬಂದ ಮಗು ಗುಂಪಿನಲ್ಲಿದ್ದರೆ ಅದಕ್ಕೊಂದು ದೊಡ್ಡ ಹಾಳೆ, ಪೆನ್ಸಿಲು ಕೊಡಿ. ಹಳೆಯ ಮನೆಯನ್ನು ಮೇಲಿನಿಂದ ನೋಡಿದ ಹಾಗೆ ಬಿಡಿಸಲಿ. ಬಾವಿ ಎಲ್ಲಿ, ಹಲಸಿನ ಮರ ಎಲ್ಲಿ, ಅಡಿಕೆ ಒಣಗಿಸುವ ಅಂಗಳ ಎಲ್ಲಿಯವರೆಗೆ, ನಾಯಿ ಮಲಗುತ್ತಿದ್ದ ಜಾಗ ಯಾವುದು. ನೀವು ತಿದ್ದಬೇಡಿ. ಗೇಟಿನ ಪಕ್ಕ ಬೋರ್ಡು ಹಾಕಬೇಕೋ ಬೇಡವೋ ಎಂಬುದನ್ನು ಮಗುವೇ ತೀರ್ಮಾನಿಸಲಿ.

ನಮಸ್ಕಾರ.